ಅಮೆರಿಕದ ಮೆಡಿಕಲ್ ಸ್ಕೂಲ್ ಅರ್ಜಿ: ಓದಿನಾಚೆಗಿನ ಅನುಭವ ಆರಿಸಿಕೊಳ್ಳುವುದು ಹೇಗೆ?

ಅಮೆರಿಕದಲ್ಲಿ ಡಾಕ್ಟರ್ ಆಗಬೇಕಾದರೆ ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷದ ಕಾಲೇಜು ಮುಗಿಸಬೇಕು, ಆಮೇಲೆ ಮೆಡಿಕಲ್ ಸ್ಕೂಲ್. ಅರ್ಜಿಯಲ್ಲಿ ಕಾಲೇಜಿನ ಗ್ರೇಡ್ ಇರುತ್ತದೆ, ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆಯ ಸ್ಕೋರ್ ಇರುತ್ತದೆ. ಇವೆರಡೂ ಚೆನ್ನಾಗಿದ್ದರೆ ಸೀಟು ಸಿಕ್ಕ ಹಾಗೇ ಎಂದು ನಮ್ಮ ಎಷ್ಟೋ ಅಪ್ಪ-ಅಮ್ಮಂದಿರು ಅಂದುಕೊಂಡಿರುತ್ತಾರೆ. ಸಿಇಟಿ, ನೀಟ್ ರ‍್ಯಾಂಕ್ ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಅಲ್ಲಿನ ಸ್ಕೂಲುಗಳು ಅಂಕದ ಜತೆಗೆ ಹುಡುಗ ಅಥವಾ ಹುಡುಗಿ ಏನೇನು ಮಾಡಿದ್ದಾರೆ, ಎಂಥ ಸ್ವಭಾವದವರು ಎಂಬುದನ್ನೂ ಇಟ್ಟುಕೊಂಡು ತೂಗುತ್ತವೆ. ಎಂಕ್ಯಾಟ್‌ನಲ್ಲಿ 528ಕ್ಕೆ 518 ಸ್ಕೋರ್ ಮಾಡಿಯೂ ಎಲ್ಲೂ ಸೀಟು ಸಿಗದವರು ಇರುತ್ತಾರೆ.

ಇದು ಗೊತ್ತಾದ ಮೇಲೆ ಇನ್ನೊಂದು ಗೋಳು ಶುರುವಾಗುತ್ತದೆ. ಸಿಕ್ಕ ಸಿಕ್ಕ ಕ್ಲಬ್ಬಿಗೆ ಸೇರುವುದು, ಒಂದರಲ್ಲಿ ಖಜಾಂಚಿ, ಇನ್ನೊಂದರಲ್ಲಿ ಉಪಾಧ್ಯಕ್ಷ. ಪಟ್ಟಿ ಉದ್ದ ಇರುತ್ತದೆ, ಒಳಗೆ ಏನೂ ಇರುವುದಿಲ್ಲ. ಅರ್ಜಿ ಓದುವವರು ಇಂಥ ಪಟ್ಟಿಗಳನ್ನು ಸಾವಿರಗಟ್ಟಲೆ ನೋಡಿರುತ್ತಾರೆ, ಅವರಿಗೆ ಇದು ತಿಳಿಯುವುದಿಲ್ಲವಾ?

ಹಾಗಾಗಿ ಯಾವ ಕೆಲಸಕ್ಕೆ ಸೇರುವ ಮುಂಚೆಯೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ವಾರ ನಾನು ಹೋಗದಿದ್ದರೆ ಯಾರಿಗಾದರೂ ತೊಂದರೆ ಆಗುತ್ತದಾ? ಹೌದು ಎಂದಾದರೆ ಅದು ಒಳ್ಳೆಯ ಕೆಲಸ. ಯಾರಿಗೂ ಗೊತ್ತೇ ಆಗುವುದಿಲ್ಲ ಎಂದಾದರೆ ಬೇರೆ ಹುಡುಕಿ. ಇದು ನನ್ನ ಅಳತೆ. ಆದರೆ ಅಲ್ಲಿನ ಮೆಡಿಕಲ್ ಸ್ಕೂಲುಗಳ ಒಕ್ಕೂಟವಾದ ಎಎಎಂಸಿ, ಸೇರಲು ಬರುವವರಲ್ಲಿ ಇರಬೇಕಾದ 17 ಗುಣಗಳ ಪಟ್ಟಿ ಮಾಡಿದೆ. ಹೇಳಿದ ಕೆಲಸವನ್ನು ಹೇಳಿದ ಹೊತ್ತಿಗೆ ಮಾಡುವ, ನಂಬಬಹುದಾದ ಮನುಷ್ಯ ಎಂಬುದು ಅದರಲ್ಲೂ ಒಂದು.

ಮೊದಲು ಫಾರಂ ನೋಡಿ

ಅಲ್ಲಿ ಡಾಕ್ಟರ್ ಆಗಲು ಪಡೆಯುವ ಮೊದಲ ಪದವಿಯೇ ಎಂಡಿ. ಅದನ್ನು ಕೊಡುವ ಸ್ಕೂಲುಗಳಲ್ಲಿ ಹೆಚ್ಚಿನವು ಆಮ್‌ಕಾಸ್ ಎಂಬ ಒಂದೇ ಅರ್ಜಿಯ ಮೂಲಕ ತೆಗೆದುಕೊಳ್ಳುತ್ತವೆ. ಡಾಕ್ಟರ್ ಆಗಲು ಇರುವ ಇನ್ನೊಂದು ಪದವಿ ಡಿಓ, ಅದನ್ನು ಕೊಡುವ ಆಸ್ಟಿಯೋಪಥಿಕ್ ಸ್ಕೂಲುಗಳಿಗೆ ಅಕೋಮಾಸ್ ಎಂಬ ಅರ್ಜಿ ಇದೆ. ಟೆಕ್ಸಸ್‌ನ ಸರ್ಕಾರಿ ಸ್ಕೂಲುಗಳಿಗೆ ಟಿಎಂಡಿಎಸ್ಎಎಸ್ ಎಂಬ ಬೇರೆ ಅರ್ಜಿ. ಜಾಸ್ತಿ ಜನ ತುಂಬುವುದು ಆಮ್‌ಕಾಸ್, ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಅದರಲ್ಲಿ ಕೆಲಸ ಮತ್ತು ಚಟುವಟಿಕೆಗೆ ಒಂದು ಭಾಗ ಇದೆ. ಒಟ್ಟು 15 ಅನುಭವ ಹಾಕಬಹುದು. ಒಂದೊಂದಕ್ಕೂ ಖಾಲಿ ಜಾಗ ಸೇರಿ 700 ಅಕ್ಷರ. ಅದರಲ್ಲಿ ಮೂರನ್ನು ನಿಮಗೆ ತುಂಬ ಮುಖ್ಯವಾದವು ಎಂದು ಗುರುತಿಸಬಹುದು. ಆ ಮೂರರಲ್ಲಿ ಒಂದೊಂದಕ್ಕೂ ಇನ್ನೂ 1,325 ಅಕ್ಷರ ಸಿಗುತ್ತದೆ. ಪ್ರತಿ ಅನುಭವಕ್ಕೂ ತಾರೀಕು, ಒಟ್ಟು ಗಂಟೆ, ವಿಚಾರಿಸಲು ಒಬ್ಬರ ಹೆಸರು ಮತ್ತು ಅವರ ಫೋನ್ ನಂಬರ್ ಅಥವಾ ಇಮೇಲ್ ಕೊಡಬೇಕು. ಎಎಎಂಸಿ ಪ್ರತಿವರ್ಷ ಹೊರಡಿಸುವ ಕೈಪಿಡಿಯಲ್ಲಿ ಇದೆಲ್ಲ ಇರುತ್ತದೆ. ನೀವು ಅರ್ಜಿ ಹಾಕುವ ವರ್ಷದ್ದನ್ನು ತೆಗೆದು ನೋಡಿಕೊಳ್ಳಿ.

ಮೊದಲ ವರ್ಷದಲ್ಲೇ ಫಾರಂ ಯಾಕೆ ನೋಡಬೇಕು ಅಂದರೆ, ಅದು ಏನು ಕೇಳುತ್ತದೆ ಅಂತ ಗೊತ್ತಾಗುತ್ತದೆ. 15 ಜಾಗ ಇದೆ ಅಂತ 15 ತುಂಬಬೇಕಾಗಿಲ್ಲ. ನಿಜವಾದ ಭಾರ ಇರುವುದು ಆ ಮೂರರ ಮೇಲೆ. ಎರಡು ಸಾವಿರ ಅಕ್ಷರ ಬರೆಯುವಷ್ಟು ಸರಕು ಇರುವ ಮೂರು ಅನುಭವ ನಿಮಗೆ ಬೇಕು. ಒಂದು ಶನಿವಾರದ ರಕ್ತದಾನ ಶಿಬಿರದಲ್ಲಿ ಜ್ಯೂಸ್ ಹಂಚಿದ್ದರ ಬಗ್ಗೆ ಅಷ್ಟು ಬರೆಯಲು ಆಗುವುದಿಲ್ಲ.

ಇರುವುದನ್ನು ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿ. ರೋಗಿಗಳ ಜತೆ ಮಾಡಿದ ಕೆಲಸ. ಡಾಕ್ಟರ ಕೆಲಸ ಹತ್ತಿರದಿಂದ ನೋಡಿದ್ದು. ಕಷ್ಟದಲ್ಲಿರುವವರಿಗೆ ಮಾಡಿದ ಸೇವೆ. ಉಳಿದದ್ದೆಲ್ಲ. ಕಾಲೇಜಿಗೆ ಬಂದ ಮೇಲೆ ಮಾಡಿದ್ದನ್ನು ಮಾತ್ರ ಬರೆಯಿರಿ. ಹೈಸ್ಕೂಲಿನದ್ದು ಈಗಲೂ ಮುಂದುವರಿದಿದ್ದರೆ ಸರಿ, ಇಲ್ಲದಿದ್ದರೆ ಬಿಡಿ.

ಮನೆಯಲ್ಲಿ ಅಜ್ಜಿಗೆ ಇನ್ಸುಲಿನ್ ಕೊಟ್ಟು, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ನೋಡಿಕೊಂಡಿದ್ದೀರಾ? ಬರೆಯಿರಿ. ಫೀಸಿಗೆ ದುಡ್ಡು ಬೇಕು ಅಂತ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದೀರಾ? ಅದನ್ನೂ ಬರೆಯಿರಿ. ಇಂಥದ್ದನ್ನು ಮುಚ್ಚಿಡುವವರೇ ಜಾಸ್ತಿ. ವೈದ್ಯಕೀಯಕ್ಕೆ ಸಂಬಂಧ ಇಲ್ಲದ ಸಂಬಳದ ಕೆಲಸಕ್ಕೆ ಆಮ್‌ಕಾಸ್‌ನಲ್ಲಿ ಬೇರೆ ವಿಭಾಗವೇ ಇದೆ. ಸಿಟ್ಟಾದ ಗಿರಾಕಿಯನ್ನು ಸಮಾಧಾನ ಮಾಡಿದವರಿಗೆ ಸಿಟ್ಟಾದ ರೋಗಿಯ ಬಗ್ಗೆ ಬಾಯಿಪಾಠ ಬೇಕಾಗುವುದಿಲ್ಲ.

ಈಗ ನಾಲ್ಕು ಕಾಲಂ ನೋಡಿದರೆ ಖಾಲಿ ಯಾವುದು ಅಂತ ಕಾಣುತ್ತದೆ. ಹೆಚ್ಚಿನವರಿಗೆ ಖಾಲಿ ಇರುವುದು ಮೊದಲನೆಯದೇ.

ರೋಗಿಗಳ ಹತ್ತಿರ ಹೋಗಿ

ಇದೇ ಎಲ್ಲಕ್ಕಿಂತ ಮುಖ್ಯ. ಡಾಕ್ಟರ್ ಆಗಬೇಕು ಎನ್ನುತ್ತೀರಿ, ಕಾಯಿಲೆ ಬಿದ್ದ ಅಪರಿಚಿತರ ಜತೆ ದಿನಗಟ್ಟಲೆ ಇರಲು ನಿಮ್ಮಿಂದ ಆಗುತ್ತದೆ ಅಂತ ಹೇಗೆ ಗೊತ್ತು? ಇಂಟರ್‌ವ್ಯೂನಲ್ಲಿ ಸುತ್ತಿ ಬಳಸಿ ಕೇಳುವುದು ಇದನ್ನೇ. ರಿಸರ್ಚ್ ಪೇಪರ್ ಎಷ್ಟಿದ್ದರೂ ಇದಕ್ಕೆ ಉತ್ತರ ಆಗುವುದಿಲ್ಲ.

ದಾರಿಗಳು ಹಲವು. ಎಲ್ಲವೂ ಒಂದೇ ತೂಕದವಲ್ಲ.

ಆಸ್ಪತ್ರೆಯಲ್ಲಿ ವಾಲಂಟಿಯರ್ ಆಗುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ವಾರಕ್ಕೆ ಒಂದು ಶಿಫ್ಟ್, ಮೂರು-ನಾಲ್ಕು ಗಂಟೆ. ಆದರೆ ಎಲ್ಲಿ ಹಾಕುತ್ತಾರೆ ಅಂತ ಕೇಳಿಕೊಳ್ಳಿ. ಗಿಫ್ಟ್ ಶಾಪಿನಲ್ಲಿ ಕೂರಿಸಿದರೆ ನೀವು ರೋಗಿಯನ್ನು ನೋಡುವುದೇ ಇಲ್ಲ. ವೀಲ್‌ಚೇರ್ ತಳ್ಳುವುದು, ವಾರ್ಡಿನಲ್ಲಿ ಊಟ ಮಾಡಿಸಲು ನೆರವಾಗುವುದು, ಎಮರ್ಜೆನ್ಸಿಯಲ್ಲಿ ಕಾದು ಕೂತವರಿಗೆ ಕಂಬಳಿ-ನೀರು ಕೊಟ್ಟು ಮಾತಾಡಿಸುವುದು, ಇವು ಪರವಾಗಿಲ್ಲ. ತಪ್ಪು ಜಾಗದಲ್ಲಿ ಹಾಕಿದ್ದರೆ ಕೆಲವು ತಿಂಗಳಾದ ಮೇಲೆ ಬದಲಾಯಿಸಿ ಅಂತ ವಾಲಂಟಿಯರ್ ಆಫೀಸಿನಲ್ಲಿ ಕೇಳಿ. ಕೇಳಿದರೆ ಕೊಡುತ್ತಾರೆ, ಎಷ್ಟೋ ಜನ ಕೇಳುವುದೇ ಇಲ್ಲ.

ಸ್ಕ್ರೈಬ್ ಕೆಲಸ ಸಂಬಳದ್ದು. ಡಾಕ್ಟರ್ ರೋಗಿಯ ಜತೆ ಮಾತಾಡುವಾಗ ಪಕ್ಕದಲ್ಲಿ ಕೂತು ಕಂಪ್ಯೂಟರಿನಲ್ಲಿ ಕೇಸ್ ನೋಟ್ ಬರೆಯುವುದು. ಡಾಕ್ಟರ್ ಹೇಗೆ ಯೋಚನೆ ಮಾಡುತ್ತಾರೆ ಎಂಬುದು ಇಷ್ಟು ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ. ಕೊರತೆ ಏನೆಂದರೆ ನೀವು ರೋಗಿಯ ಜತೆ ಮಾತಾಡುವುದಿಲ್ಲ, ಬರೆಯುತ್ತೀರಿ ಅಷ್ಟೆ. ಮನೆಯಿಂದಲೇ ಹೆಡ್‌ಫೋನ್ ಹಾಕಿಕೊಂಡು ಮಾಡುವ ಸ್ಕ್ರೈಬ್ ಕೆಲಸವೂ ಈಗ ಇದೆ. ಎರಡೂ ಸಿಗುವ ಹಾಗಿದ್ದರೆ ಕ್ಲಿನಿಕ್ಕಿಗೆ ಹೋಗುವುದನ್ನೇ ಆರಿಸಿಕೊಳ್ಳಿ.

ಸಿಎನ್ಎ ಅಂದರೆ ನರ್ಸಿಂಗ್ ಅಸಿಸ್ಟೆಂಟ್. ಫೆಡರಲ್ ನಿಯಮದ ಪ್ರಕಾರ ಕನಿಷ್ಠ 75 ಗಂಟೆ ತರಬೇತಿ ಬೇಕು, ಎಷ್ಟೋ ರಾಜ್ಯಗಳು ಇನ್ನೂ ಜಾಸ್ತಿ ಕೇಳುತ್ತವೆ. ಕೆಲಸ ಕಷ್ಟದ್ದು. ಸ್ನಾನ ಮಾಡಿಸಬೇಕು, ಬಟ್ಟೆ ಬದಲಾಯಿಸಬೇಕು, ಬೆಡ್‌ಪ್ಯಾನ್ ತೆಗೆಯಬೇಕು, ಹಾಸಿಗೆ ಹಿಡಿದವರನ್ನು ಮಗ್ಗುಲು ತಿರುಗಿಸಬೇಕು. ಸಂಬಳ ಕಡಿಮೆ. ಆದರೆ ನನ್ನ ಪಟ್ಟಿಯಲ್ಲಿ ಇದಕ್ಕೆ ತುಂಬ ಮೇಲಿನ ಜಾಗ. ನೀವು ಒಂದು ದಿನ ಬರದಿದ್ದರೆ ಆ ಮಹಡಿಯ ಇಡೀ ಶಿಫ್ಟ್ ಒದ್ದಾಡುತ್ತದೆ. ಇದನ್ನು ಒಂದು ವರ್ಷ ಮಾಡಿದವರನ್ನು ನಿಮಗೆ ಈ ಕೆಲಸ ಆಗುತ್ತದಾ ಅಂತ ಯಾರೂ ಕೇಳುವುದಿಲ್ಲ.

ಇಎಂಟಿ ಅಂದರೆ ಆಂಬ್ಯುಲೆನ್ಸಿನ ಕೆಲಸ. ಕೋರ್ಸ್ ಸುಮಾರು 150 ಗಂಟೆ ಅಥವಾ ಅದಕ್ಕೂ ಜಾಸ್ತಿ, ಆಮೇಲೆ ಪರೀಕ್ಷೆ, ರಾಜ್ಯದ ಲೈಸೆನ್ಸ್. ಇಲ್ಲಿ ಒಂದು ಎಚ್ಚರಿಕೆ. ಕೋರ್ಸ್ ಮುಗಿಸಿ, ಸರ್ಟಿಫಿಕೇಟ್ ಇಟ್ಟುಕೊಂಡು, ಒಂದು ದಿನವೂ ಆಂಬ್ಯುಲೆನ್ಸ್ ಹತ್ತದವರು ಬಹಳ ಜನ ಇದ್ದಾರೆ. ಸರ್ಟಿಫಿಕೇಟಿಗೆ ಬೆಲೆ ಇಲ್ಲ, ಶಿಫ್ಟಿಗೆ ಇದೆ. ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆಯೇ ನಿಮ್ಮ ಊರಲ್ಲಿ ಕೆಲಸ ಯಾರು ಕೊಡುತ್ತಾರೆ, ಕಾಲೇಜಿನ ಟೈಂಟೇಬಲ್ಲಿಗೆ ಶಿಫ್ಟ್ ಹೊಂದುತ್ತದಾ ವಿಚಾರಿಸಿ.

ಇನ್ನೊಂದು ದಾರಿ ಇದೆ, ಅದರ ಕಡೆ ಹೋಗುವವರು ಕಡಿಮೆ: ಹಾಸ್ಪೈಸ್. ಇನ್ನು ಗುಣವಾಗುವುದಿಲ್ಲ ಎಂದಾದ ಮೇಲೆ ನೋವಿಲ್ಲದ ಹಾಗೆ ಕೊನೆ ದಿನ ಕಳೆಯಲು ನೆರವಾಗುವ ಸೇವೆ ಅದು. ಹೆಚ್ಚಾಗಿ ವಯಸ್ಸಾದವರಿಗಿರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ದುಡ್ಡು ಪಡೆಯುವ ಹಾಸ್ಪೈಸ್‌ಗಳಿಗೆ ಒಂದು ನಿಯಮ ಇದೆ. ಸಂಬಳದ ಸಿಬ್ಬಂದಿ ರೋಗಿಗಳ ಆರೈಕೆಗೆ ಕೊಡುವ ಒಟ್ಟು ಗಂಟೆಯ ಕನಿಷ್ಠ ಶೇ 5ರಷ್ಟು ಕೆಲಸ ವಾಲಂಟಿಯರುಗಳಿಂದ ಆಗಬೇಕು. ಹಾಗಾಗಿ ಅವರಿಗೆ ಜನ ಬೇಕೇ ಬೇಕು, ತರಬೇತಿಯನ್ನೂ ಅವರೇ ಕೊಡುತ್ತಾರೆ. ನಿಮಗೆ ಒಬ್ಬರನ್ನು ಒಪ್ಪಿಸುತ್ತಾರೆ. ವಾರ ವಾರ ಅವರ ಮನೆಗೋ ನರ್ಸಿಂಗ್ ಹೋಮಿಗೋ ಹೋಗುತ್ತೀರಿ. ಪೇಪರ್ ಓದುತ್ತೀರಿ, ಇಸ್ಪೀಟು ಆಡುತ್ತೀರಿ, ಸುಮ್ನೆ ಕೂರುತ್ತೀರಿ. ಮನೆಯವರಿಗೆ ಆ ಎರಡು ಗಂಟೆ ಅಂಗಡಿಗೆ ಹೋಗಿ ಬರಲು ಬಿಡುವು ಸಿಗುತ್ತದೆ. ನೀವು ತಪ್ಪಿಸಿದರೆ ಅವರಿಗೆ ಅದೂ ಇಲ್ಲ. ಇದು ಎಲ್ಲರ ಕೈಲಿ ಆಗುವ ಕೆಲಸವಲ್ಲ. ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ ಸದ್ಯಕ್ಕೆ ಬೇಡ.

ಇವುಗಳಲ್ಲಿ ಒಂದು ಸಾಕು. ಹೆಚ್ಚೆಂದರೆ ಎರಡು. ವಾರಕ್ಕೆ ನಾಲ್ಕು ಗಂಟೆಯಂತೆ ವರ್ಷಕ್ಕೆ 40 ವಾರ ಹೋದರೂ 160 ಗಂಟೆ ಆಯಿತು, ಎರಡು ವರ್ಷಕ್ಕೆ 320. ಒಂದೇ ಬೇಸಿಗೆಯಲ್ಲಿ 320 ಗಂಟೆ ಬಡಿದು ಹಾಕುವುದಕ್ಕಿಂತ ಇದು ಎಷ್ಟೋ ಮೇಲು. ಎರಡು ವರ್ಷದಲ್ಲಿ ಪರೀಕ್ಷೆ ಬಂದಿರುತ್ತದೆ, ಜ್ವರ ಬಂದಿರುತ್ತದೆ, ಬೇಜಾರೂ ಬಂದಿರುತ್ತದೆ. ಆದರೂ ಹೋಗಿದ್ದೀರಿ ಅಂತ ಆ ತಾರೀಕುಗಳೇ ಹೇಳುತ್ತವೆ.

ಎಷ್ಟು ಗಂಟೆ ಬೇಕು ಅಂತ ಕೇಳಿದರೆ ಎಲ್ಲ ಸ್ಕೂಲಿಗೂ ಒಪ್ಪುವ ಒಂದು ಸಂಖ್ಯೆ ಇಲ್ಲ. ಎಎಎಂಸಿಯ ಎಂಎಸ್‌ಎಆರ್ ಎಂಬ ಆನ್‌ಲೈನ್ ಕೋಶದಲ್ಲಿ ಒಂದೊಂದು ಸ್ಕೂಲಿಗೂ ಪುಟ ಇದೆ. ಸೇರಿದವರಲ್ಲಿ ಶೇಕಡ ಎಷ್ಟು ಜನರಿಗೆ ಯಾವ ಬಗೆಯ ಅನುಭವ ಇತ್ತು ಅಂತ ಅಲ್ಲಿ ಸಿಗುತ್ತದೆ. ಪೂರ್ತಿ ನೋಡಲು ಚಂದಾ ಕಟ್ಟಬೇಕು, ಆದರೆ ಕಟ್ಟಿದ್ದು ದಂಡವಲ್ಲ.

ಶ್ಯಾಡೋಯಿಂಗ್: ಬೇಕು, ಆದರೆ ಹಿತಮಿತವಾಗಿ

ಡಾಕ್ಟರ ಹಿಂದೆ ಸುತ್ತುತ್ತಾ ಅವರ ಕೆಲಸ ನೋಡುವುದು ಶ್ಯಾಡೋಯಿಂಗ್. ನನ್ನ ಪ್ರಶ್ನೆ ಇಲ್ಲಿ ನಡೆಯುವುದಿಲ್ಲ, ಯಾಕೆಂದರೆ ನೀವು ಹೋಗದಿದ್ದರೆ ಡಾಕ್ಟರಿಗೆ ಆರಾಮ. ಆದರೂ ಸ್ವಲ್ಪ ಬೇಕು. ಡಾಕ್ಟರ ದಿನ ಹೇಗಿರುತ್ತದೆ, ಫೋನು ಮತ್ತು ಕಾಗದ ಪತ್ರದ ಕೆಲಸಕ್ಕೆ ಎಷ್ಟು ಹೊತ್ತು ಹೋಗುತ್ತದೆ ಅಂತ ಗೊತ್ತಿಲ್ಲದೆ ಆ ಕೆಲಸ ಬೇಕು ಅನ್ನುವುದು ಹೇಗೆ?

ಮೂರು-ನಾಲ್ಕು ಬೇರೆ ಬೇರೆ ಬಗೆಯ ಡಾಕ್ಟರನ್ನು ನೋಡಿ. ಅದರಲ್ಲಿ ಒಬ್ಬರು ಫ್ಯಾಮಿಲಿ ಡಾಕ್ಟರ್ ಇರಲಿ. ಬರೀ ಆಪರೇಷನ್ ಥಿಯೇಟರ್ ನೋಡಿ ಬಂದವರ ಮಾತು ಇಂಟರ್‌ವ್ಯೂನಲ್ಲಿ ಬೇಗ ಮುಗಿಯುತ್ತದೆ. ಡಿಓ ಸ್ಕೂಲಿಗೂ ಅರ್ಜಿ ಹಾಕುವವರು ಒಬ್ಬ ಡಿಓ ಡಾಕ್ಟರ ಜತೆ ಹೋಗಲೇಬೇಕು, ಕೆಲವು ಸ್ಕೂಲುಗಳು ಅವರಿಂದ ಪತ್ರ ಕೇಳುತ್ತವೆ. ಇಷ್ಟಾದ ಮೇಲೆ ನಿಲ್ಲಿಸಿ. ಅಪ್ಪನ ಸ್ನೇಹಿತರು ಡಾಕ್ಟರ್ ಅಂತ ಮುನ್ನೂರು ಗಂಟೆ ಅವರ ಹಿಂದೆ ನಿಂತರೆ ಅದು ಅಪ್ಪನ ಪರಿಚಯ ತೋರಿಸುತ್ತದೆ, ನಿಮ್ಮನ್ನಲ್ಲ.

ಆಸ್ಪತ್ರೆಯ ಹೊರಗೆ

ಇಲ್ಲಿ ಆಯ್ಕೆಗೆ ಬರವಿಲ್ಲ. ಫುಡ್ ಬ್ಯಾಂಕ್, ಮನೆ ಇಲ್ಲದವರ ಶೆಲ್ಟರ್, ಜೈಲಿನಿಂದ ಬಂದವರಿಗೆ ಪಾಠ, ಹೊಸದಾಗಿ ವಲಸೆ ಬಂದವರಿಗೆ ಇಂಗ್ಲಿಷ್, ಆತ್ಮಹತ್ಯೆ ತಡೆಯುವ ಸಹಾಯವಾಣಿ. ನಿಮ್ಮದಲ್ಲದ ಬದುಕು ಬದುಕುವವರ ಎದುರು ಕೂರಿಸುವ ಕೆಲಸ ಆರಿಸಿ. ಅಲ್ಲೇ ಗೊತ್ತಾಗುತ್ತದೆ: ಮಾತ್ರೆ ಬರೆದು ಕೊಟ್ಟರೂ ಮನುಷ್ಯ ಯಾಕೆ ತೆಗೆದುಕೊಳ್ಳುವುದಿಲ್ಲ, ಬಸ್ಸಿಲ್ಲದ ಕಡೆಯಿಂದ ಅಪಾಯಿಂಟ್‌ಮೆಂಟಿಗೆ ಬರುವುದು ಎಷ್ಟು ಕಷ್ಟ. ಸಹಾಯವಾಣಿಯ ಕೆಲಸಕ್ಕೆ ಒಳ್ಳೆಯ ತರಬೇತಿ ಕೊಡುತ್ತಾರೆ, ಶಿಫ್ಟೂ ಗಟ್ಟಿ.

ಎರಡು ಭಾಷೆ ಬರುವವರಿಗೆ ಒಂದು ಮಾತು. ಭಾಷೆ ಬರುತ್ತದೆ ಅಂತ ರೋಗಿಗೂ ಡಾಕ್ಟರಿಗೂ ನಡುವೆ ಸುಮ್ನೆ ನಿಂತು ಅನುವಾದ ಮಾಡಬೇಡಿ. ಅದಕ್ಕೆ ತರಬೇತಿ ಪಡೆದವರು ಬೇಕು. ರಾಷ್ಟ್ರಮಟ್ಟದ ಸರ್ಟಿಫಿಕೇಟಿಗೆ ಕನಿಷ್ಠ 40 ಗಂಟೆಯ ಕೋರ್ಸ್ ಕೇಳುತ್ತಾರೆ. ಆ ಕೋರ್ಸ್ ಮಾಡಿಕೊಂಡರೆ ಉಚಿತ ಕ್ಲಿನಿಕ್ಕುಗಳಲ್ಲಿ ನಿಮ್ಮನ್ನು ಕಾಯುತ್ತಾ ಕೂರುತ್ತಾರೆ.

ಸಂಗೀತ, ನೃತ್ಯ, ಓಟ, ಚೆಸ್? ನಿಜವಾಗಿ ಮಾಡುತ್ತಿದ್ದರೆ ಹಾಕಿ, ಅದಕ್ಕೂ ವಿಭಾಗ ಇದೆ. ಇಂಟರ್‌ವ್ಯೂ ಮಾಡುವವರು ಎಷ್ಟೋ ಸಲ ಅಲ್ಲಿಂದಲೇ ಮಾತು ಶುರುಮಾಡುತ್ತಾರೆ. ಅರ್ಜಿಗೋಸ್ಕರ ಹೊಸದಾಗಿ ಹವ್ಯಾಸ ಹುಟ್ಟಿಸಿಕೊಳ್ಳಬೇಡಿ.

ರಿಸರ್ಚ್ ಎಲ್ಲರಿಗೂ ಬೇಕಾ?

ಬೇಡ. ಎಂಡಿ-ಪಿಎಚ್‌ಡಿಗೆ ಹೋಗುವವರಿಗೆ ಬೇಕೇ ಬೇಕು. ಆ ಅರ್ಜಿಯಲ್ಲಿ ರಿಸರ್ಚ್ ಬಗ್ಗೆಯೇ 10,000 ಅಕ್ಷರದ ಪ್ರಬಂಧ ಬರೆಯಬೇಕು. ರಿಸರ್ಚಿಗೆ ಹೆಸರಾದ ದೊಡ್ಡ ಸ್ಕೂಲುಗಳ ಮೇಲೆ ಕಣ್ಣಿದ್ದರೂ ಬೇಕು. ಉಳಿದವರು ಇಷ್ಟ ಇದ್ದರೆ ಮಾಡಿ. ಲ್ಯಾಬಿನಲ್ಲಿ ಟ್ಯೂಬ್ ತೊಳೆಯುತ್ತಾ ಎರಡು ವರ್ಷ ಕಳೆದು, ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದರು ಅಂತ ಹೇಳಲು ಬಾರದಿದ್ದರೆ ಅದು ಅರ್ಜಿಗೆ ಭಾರವೇ.

ಬೇರೆ ದೇಶದಲ್ಲಿ ಮೆಡಿಕಲ್ ಟ್ರಿಪ್

ಸಾವಿರಾರು ಡಾಲರ್ ಕಟ್ಟಿಸಿಕೊಂಡು ಎರಡು ವಾರ ಬಡ ದೇಶಕ್ಕೆ ಕರೆದುಕೊಂಡು ಹೋಗುವ ಕಂಪನಿಗಳಿವೆ. ರಜೆಗೆ ಊರಿಗೆ ಹೋದಾಗ ನೆಂಟರ ನರ್ಸಿಂಗ್ ಹೋಮಿನಲ್ಲಿ ಹೊಲಿಗೆ ಹಾಕಲು, ಇಂಜೆಕ್ಷನ್ ಕೊಡಲು ಬಿಡುವವರೂ ಇದ್ದಾರೆ. ಬೇಡ. ಅಮೆರಿಕದಲ್ಲಿ ತರಬೇತಿ ಇಲ್ಲದೆ ಮಾಡಬಾರದ್ದನ್ನು ಬೇರೆ ಕಡೆ ಮಾಡಿದೆ ಅಂತ ಬರೆದರೆ ಅದು ಹೆಗ್ಗಳಿಕೆ ಅಲ್ಲ. ಇಂಥದ್ದರ ಬಗ್ಗೆ ಎಎಎಂಸಿ ವಿದ್ಯಾರ್ಥಿಗಳಿಗಾಗಿ ಮಾರ್ಗಸೂಚಿಯನ್ನೇ ಹೊರಡಿಸಿದೆ, ರೋಗಿಗೆ ಅಪಾಯ ಆಗಬಹುದಾದ ಕೆಲಸದಿಂದ ದೂರ ಇರಿ ಎನ್ನುತ್ತದೆ. ನಿಂತು ನೋಡಿದ್ದರೆ ಶ್ಯಾಡೋಯಿಂಗ್ ಅಂತ ಹಾಕಿ, ಅಷ್ಟೇ.

ವೀಸಾ ಮೇಲೆ ಓದುವವರು

ಎಫ್-1 ವೀಸಾದಲ್ಲಿ ಇರುವವರು ತರಗತಿ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆಯವರೆಗೆ ದುಡಿಯಬಹುದು. ಹೊರಗಿನ ಸಂಬಳದ ಕೆಲಸಕ್ಕೆ ಅನುಮತಿ ಬೇಕು. ಹಾಗಾಗಿ ಸ್ಕ್ರೈಬ್, ಸಿಎನ್ಎ ಕೆಲಸಕ್ಕೆ ಸೇರುವ ಮುಂಚೆ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಕೇಳಲೇಬೇಕು. ಎಲ್ಲರೂ ಉಚಿತವಾಗಿಯೇ ಮಾಡುವ ವಾಲಂಟಿಯರ್ ಕೆಲಸಕ್ಕೆ ಸಾಮಾನ್ಯವಾಗಿ ಅಡ್ಡಿ ಇರುವುದಿಲ್ಲ. ಆಸ್ಪತ್ರೆ, ಹಾಸ್ಪೈಸ್ ದಾರಿ ನಿಮಗೆ ತೆರೆದಿದೆ. ಹೊರದೇಶದವರನ್ನು ತೆಗೆದುಕೊಳ್ಳದ ಸ್ಕೂಲುಗಳೇ ಜಾಸ್ತಿ ಎಂಬುದನ್ನೂ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಿಂದಿನಿಂದ ದಿನ ಎಣಿಸಿ

2028ರ ಆಗಸ್ಟಿನಲ್ಲಿ ಮೆಡಿಕಲ್ ಸ್ಕೂಲ್ ಸೇರಬೇಕು ಅಂದುಕೊಳ್ಳಿ. ಅದರ ಅರ್ಜಿ ತೆರೆಯುವುದು 2027ರ ಮೇ ತಿಂಗಳಲ್ಲಿ. ಅಂದರೆ ಸೇರುವುದಕ್ಕೆ ಒಂದು ವರ್ಷಕ್ಕೂ ಮುಂಚೆ. ಬೇಗ ಹಾಕಿದವರಿಗೆ ಅನುಕೂಲ, ಆದ್ದರಿಂದ ಜೂನ್ ಒಳಗೆ ಕಳಿಸಬೇಕು. ಅಂದರೆ ಕಾಲೇಜಿನ ಮೂರನೇ ವರ್ಷ ಮುಗಿಯುವ ಹೊತ್ತಿಗೆ ಅನುಭವ ಕೈಯಲ್ಲಿರಬೇಕು. ಆಸ್ಪತ್ರೆ ಒಳಗೆ ಬಿಡಲು ಟಿಬಿ ಪರೀಕ್ಷೆ, ಲಸಿಕೆಯ ದಾಖಲೆ, ಪೊಲೀಸ್ ದಾಖಲೆ ಪರಿಶೀಲನೆ, ತರಬೇತಿ ಅಂತ ಎಷ್ಟೋ ವಾರ ಹಿಡಿಯುತ್ತದೆ. ಹಾಗಾಗಿ ಎರಡನೇ ವರ್ಷದ ಶುರುವಿನಲ್ಲಾದರೂ ಆಸ್ಪತ್ರೆಗೆ ಅರ್ಜಿ ಹಾಕಿರಬೇಕು. ಮೊದಲ ಸೆಮಿಸ್ಟರ್ ಮಾತ್ರ ಓದಿಗೇ ಬಿಡಿ. ಬಿದ್ದ ಗ್ರೇಡನ್ನು ವಾಲಂಟಿಯರ್ ಕೆಲಸ ಎತ್ತುವುದಿಲ್ಲ.

ತಡವಾಗಿದ್ದರೆ ಗಾಬರಿ ಬೇಡ. ಕಾಲೇಜು ಮುಗಿಸಿ ಒಂದೆರಡು ವರ್ಷ ಕೆಲಸ ಮಾಡಿ ಸೇರುವವರೇ ಈಗ ಅಲ್ಲಿ ಅರ್ಧಕ್ಕಿಂತ ಜಾಸ್ತಿ. ಮನೆಯಲ್ಲಿ ವರ್ಷ ಹಾಳಾಯಿತು ಎನ್ನುತ್ತಾರೆ, ಅವರಿಗೆ ಈ ಸಾಲು ಓದಿ ಹೇಳಿ.

ಅವತ್ತಿನದ್ದು ಅವತ್ತೇ ಬರೆಯಿರಿ

ಒಂದು ಸ್ಪ್ರೆಡ್‌ಶೀಟ್ ಸಾಕು. ತಾರೀಕು, ಗಂಟೆ, ಮೇಲ್ವಿಚಾರಕರ ಹೆಸರು ಮತ್ತು ಇಮೇಲ್, ಅವತ್ತು ಏನಾಯಿತು ಅಂತ ಎರಡು ಸಾಲು. ರೋಗಿಯ ಹೆಸರು, ಊರು, ಗುರುತು ಸಿಗುವ ಯಾವುದನ್ನೂ ಬರೆಯಬೇಡಿ. 1996ರ ಹಿಪಾ ಕಾನೂನು ರೋಗಿಯ ಮಾಹಿತಿಯನ್ನು ಕಾಪಾಡುತ್ತದೆ, ಆಸ್ಪತ್ರೆಯ ತರಬೇತಿಯಲ್ಲಿ ಮೊದಲು ಹೇಳಿಕೊಡುವುದೇ ಅದನ್ನು. ಆ ಎರಡು ಸಾಲೇ ಮುಂದೆ ನಿಮ್ಮ 700 ಅಕ್ಷರ. ಮೂರು ವರ್ಷ ಆದ ಮೇಲೆ ನೆನಪು ಮಾಡಿಕೊಂಡರೆ ಸಹಾನುಭೂತಿ ಕಲಿತೆ, ತಂಡದಲ್ಲಿ ಕೆಲಸ ಕಲಿತೆ ಎಂಬ ಮಾತಷ್ಟೇ ಉಳಿದಿರುತ್ತದೆ.

ಮೇಲ್ವಿಚಾರಕರಿಗೆ ನಿಮ್ಮ ಪರಿಚಯ ಚೆನ್ನಾಗಿದ್ದರೆ ಕೆಲಸದಲ್ಲಿ ಇರುವಾಗಲೇ ಶಿಫಾರಸು ಪತ್ರ ಕೇಳಿ. ಅವರು ಕೆಲಸ ಬದಲಾಯಿಸಿದ ಮೇಲೆ ಹುಡುಕುವುದು ಕಷ್ಟ. ಗಂಟೆಗಳನ್ನು ಉಬ್ಬಿಸಬೇಡಿ, ಕೊಟ್ಟ ನಂಬರಿಗೆ ಸ್ಕೂಲಿನವರು ಫೋನ್ ಮಾಡಬಹುದು. ಅರ್ಜಿ ಕಳಿಸಿದ ಮೇಲೂ ಮುಂದುವರಿಸುವ ಕೆಲಸಕ್ಕೆ ಇನ್ನು ಮುಂದೆ ಎಷ್ಟು ಗಂಟೆ ಮಾಡುತ್ತೀರಿ ಅಂತ ಬೇರೆಯಾಗಿ ತುಂಬಲು ಜಾಗ ಇದೆ. ಅಲ್ಲಿ ತುಂಬಿದ್ದನ್ನು ಆಮೇಲೆ ಮಾಡಿ, ಇಂಟರ್‌ವ್ಯೂನಲ್ಲಿ ಎಲ್ಲಿಗೆ ಬಂತು ಅಂತ ಕೇಳುತ್ತಾರೆ. ಹೊಸದೇನಾದರೂ ಸೇರಿದ್ದರೆ ಕೆಲವು ಸ್ಕೂಲುಗಳು ಅಪ್‌ಡೇಟ್ ಪತ್ರ ತೆಗೆದುಕೊಳ್ಳುತ್ತವೆ, ಕೆಲವು ಬೇಡ ಎನ್ನುತ್ತವೆ. ಆಯಾ ಸ್ಕೂಲಿನ ಪೋರ್ಟಲ್ ನೋಡಿ, ಬೇಡ ಎಂದವರಿಗೆ ಕಳಿಸಬೇಡಿ.